ದೊಡ್ಡಪ್ಪನ ಹೆರಾಲ್ಡ್ ಮತ್ತು ಕೊಡಗಿನ ಮಳೆ: ಹಳೆ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ರೆಡಿ ಮಾಡುವುದು ಹೇಗೆ

ಕೊಡಗಿನಲ್ಲಿ ಹಳೆ ಕಾರಿನ ಕೆಲಸಕ್ಕೆ ಕೈ ಹಾಕೋಕೆ ಸರಿಯಾದ ತಿಂಗಳು ಅಕ್ಟೋಬರ್. ಜೋರು ಮಳೆ ಬಿಟ್ಟಿರುತ್ತದೆ. ಕಾಫಿ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ, ಗೋಡೌನ್ ಖಾಲಿ ಇರುತ್ತದೆ. ಜೂನ್‌ನಲ್ಲಿ ಮತ್ತೆ ಮಳೆ ಹಿಡಿಯುವ ಹೊತ್ತಿಗೆ ಗಾಡಿಯಲ್ಲಿ ಎಲ್ಲೂ ಬರಿ ತಗಡು ಕಾಣಬಾರದು. ಈ ಎಂಟು ತಿಂಗಳ ಲೆಕ್ಕ ಮೊದಲು ತಲೆಯಲ್ಲಿ ಕೂರಲಿ. ಉಳಿದದ್ದನ್ನು ಮಾಡ್ತಾ ಮಾಡ್ತಾ ಕಲಿಯಬಹುದು.

ನಾನು ಇಲ್ಲಿ ಬರೆಯುತ್ತಿರುವುದು ಸ್ಟ್ಯಾಂಡರ್ಡ್ ಹೆರಾಲ್ಡ್ ಬಗ್ಗೆ. ದೊಡ್ಡಪ್ಪನ ಎರಡು ಬಾಗಿಲಿನ ಗಾಡಿ, ಮೇಲಿನ ಟಾಪ್ ಬಿಚ್ಚಿದ್ದು, ಸುಂಟಿಕೊಪ್ಪದ ಹತ್ತಿರ ತೋಟದ ಶೆಡ್‌ನಲ್ಲಿ ಗೊಬ್ಬರದ ಚೀಲಗಳ ಹಿಂದೆ ವರ್ಷಗಟ್ಟಲೆ ನಿಂತಿತ್ತು. ಹೆರಾಲ್ಡ್ ಎಲ್ಲಿ, ಸ್ಪೋರ್ಟ್ಸ್ ಕಾರ್ ಎಲ್ಲಿ ಅಂತ ಕೇಳುವವರಿಗೆ ಒಂದು ಮಾತು. 1962ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಎರಡು ಸೀಟಿನ ಕಾರು ನಿಂತಿದ್ದು ಹೆರಾಲ್ಡ್‌ನ ಚಾಸಿಯನ್ನೇ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟನ್ನೇ, ಚಿಕ್ಕದು ಮಾಡಿದ ಚಾಸಿ ಮೇಲೆ. ಎರಡರ ರೂಪ ಬರೆದದ್ದೂ ಒಬ್ಬನೇ, ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ 1971ರವರೆಗೆ ಹೆರಾಲ್ಡ್ ಮಾಡಿತು. ಎಂಜಿನ್ 948 ಸಿಸಿ, ಶಕ್ತಿ ಹೆಚ್ಚುಕಮ್ಮಿ 35 ಎಚ್‌ಪಿ, ಅಷ್ಟೇ. ಆದರೆ ಹಗುರ ಗಾಡಿ, ಚುರುಕು ಸ್ಟೇರಿಂಗ್, ನಮ್ಮ ಎಸ್ಟೇಟ್ ರಸ್ತೆಯ ಕಿರಿದಾದ ತಿರುವಿನಲ್ಲೂ ಒಂದೇ ಸಲಕ್ಕೆ ತಿರುಗುತ್ತದೆ. ಮನೆಯಲ್ಲಿ ಕೆಲಸ ಕಲಿಯೋಕಂತೂ ಇದಕ್ಕಿಂತ ಒಳ್ಳೆ ಗಾಡಿ ನಾನು ನೋಡಿಲ್ಲ. ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರ್ ಮೇಲೆ ಕೂತು, ಬೆನ್ನು ಬಗ್ಗಿಸದೆ, ಪ್ಲಗ್ ಬಿಚ್ಚಬಹುದು.

ಕೊಳ್ಳುವ ಮುಂಚೆ

ಬಣ್ಣ ನೋಡಬೇಡಿ. ಎಂಜಿನ್ ಓಡುತ್ತಾ ಅಂತಲೂ ಮೊದಲು ಕೇಳಬೇಡಿ. ಕೆಳಗೆ ಮಲಗಿ. ಒಂದು ಟಾರ್ಚ್, ಒಂದು ಹಳೆ ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಸಾಕು. ಚಾಸಿಯ ಎರಡು ಮುಖ್ಯ ಉದ್ದ ರೈಲುಗಳನ್ನು (ಕಬ್ಬಿಣದ ತೊಲೆಗಳನ್ನು), ಅದರಲ್ಲೂ ಹಿಂದೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೂತಿರುವ ಜಾಗವನ್ನು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಒದ್ದೆ ಹಲಗೆಗೆ ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಆಮೇಲೆ ಬಾಗಿಲ ಕೆಳಗಿನ ಸಿಲ್, ಫ್ಲೋರ್, ಡಿಕ್ಕಿಯ ತಳ, ಬ್ಯಾಟರಿ ಕೂರುವ ಜಾಗ. ಅಯಸ್ಕಾಂತ ಅಂಟದ ಕಡೆ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ.

ಫ್ಲೋರ್ ಹೋಗಿದ್ದರೆ ಹೆದರಬೇಡಿ, ಅದು ಬರಿ ತಗಡಿನ ಕೆಲಸ. ಮುಖ್ಯ ರೈಲು ಕೊಳೆತಿದ್ದರೆ ಮಾತ್ರ ಎರಡು ಸಲ ಯೋಚನೆ ಮಾಡಿ. ಹೆರಾಲ್ಡ್‌ನಲ್ಲಿ ಬಾಡಿ ಬೇರೆ, ಚಾಸಿ ಬೇರೆ. ಹಾಗಾಗಿ ಚಾಸಿ ಗಟ್ಟಿ ಇದ್ದರೆ ಉಳಿದದ್ದನ್ನೆಲ್ಲ ಅದರ ಮೇಲೆ ಮತ್ತೆ ಕಟ್ಟಬಹುದು.

ಕಾಗದ ಪತ್ರ ಸಹ ಇಲ್ಲೇ ನೋಡಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯಲ್ಲಿ ನಿಮ್ಮ ಕಣ್ಣಾರೆ ಕಾಣಬೇಕು. ನಮ್ಮ ತೋಟದ ಗಾಡಿಗಳು ಎಷ್ಟೋ ಸಲ ಹೆಸರು ಬದಲಾಯಿಸದೆ ಕೈ ಬದಲಾಯಿಸಿರುತ್ತವೆ, ಮೊದಲ ಮಾಲೀಕರು ತೀರಿಹೋಗಿ ಮೂವತ್ತು ವರ್ಷ ಆಗಿರುತ್ತದೆ. ಅಂಥ ಗಾಡಿಗೆ ಮುಂಗಡ ಕೊಡುವ ಮೊದಲು ಮಡಿಕೇರಿ ಆರ್‌ಟಿಒಗೆ ಹೋಗಿ ಏನೇನು ಬೇಕು ಅಂತ ಕೇಳಿಕೊಂಡು ಬನ್ನಿ.

ಇನ್ನೊಂದು ವಿಷಯ ಕೆಲಸ ಶುರು ಮಾಡುವ ಮುಂಚೆಯೇ ತೀರ್ಮಾನ ಆಗಬೇಕು. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರನ್ನು ವಿಂಟೇಜ್ ಅಂತ ನೋಂದಾಯಿಸಿ ವಿಎ ಸರಣಿಯ ನಂಬರ್ ಪಡೆಯಬಹುದು. ಆದರೆ ಅಂಥ ಗಾಡಿಯನ್ನು ದಿನಾ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಚಾಸಿ, ಬಾಡಿ, ಎಂಜಿನ್ ಬದಲಿಸಿದರೆ ಆ ದಾರಿ ಮುಚ್ಚಿತು. ಇನ್ನು ಮಾಮೂಲಿ ನೋಂದಣಿಯಲ್ಲೇ ಇಟ್ಟುಕೊಂಡರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಬೇರೆ ಎಂಜಿನ್ ಕೂರಿಸುವಂಥ ದೊಡ್ಡ ಬದಲಾವಣೆಗೆ ಮೊದಲೇ ಅನುಮತಿ ಬೇಕು. ನಾನು ಒಂದು ನಿಯಮ ಹಾಕಿಕೊಂಡೆ: ಏನೇ ಬದಲಿಸಿದರೂ ಬೋಲ್ಟ್ ಬಿಚ್ಚಿ ಹಿಂದಿನ ಹಾಗೆ ಮಾಡುವಂತಿರಬೇಕು. ಹೊಸ ತೂತು ಕೊರೆಯುವುದಿಲ್ಲ, ಕೊಳೆತ ತಗಡು ಬಿಟ್ಟು ಏನನ್ನೂ ಕತ್ತರಿಸುವುದಿಲ್ಲ. ಸೀಟ್ ಬೆಲ್ಟ್‌ಗೆ ಮಾತ್ರ ವಿನಾಯಿತಿ, ಅದನ್ನು ಮುಂದೆ ಹೇಳ್ತೇನೆ.

ಬಿಚ್ಚುವುದು

ಇಲ್ಲಿ ಜಾಸ್ತಿ ಜನ ಎಡವುವುದು ಪಾನಾ ವಿಷಯದಲ್ಲಿ. ಈ ಗಾಡಿಯ ನಟ್ಟು ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಹಾಕಿದರೆ ಕೂರುತ್ತದೆ, ತಿರುಗಿಸಿದ ಹಾಗೂ ಅನಿಸುತ್ತದೆ. ಐವತ್ತು ವರ್ಷ ತುಕ್ಕು ಹಿಡಿದ ನಟ್ಟಿಗೆ ಒತ್ತಿ ಎಳೆದಾಗ ಮಾತ್ರ ಆ 0.3 ಮಿಲಿಮೀಟರ್ ಸಡಿಲ ಸಾಕು, ಮೂಲೆಗಳೆಲ್ಲ ಸವೆದು ನಟ್ಟು ಗುಂಡಗಾಗಿ ಬಿಡುತ್ತದೆ. 7/16, 1/2, 9/16, 5/8 ಈ ನಾಲ್ಕು ಅಳತೆಯ ಒಳ್ಳೆ ರಿಂಗ್ ಪಾನಾ ತಗೊಳ್ಳಿ, ಮುಕ್ಕಾಲು ಗಾಡಿ ಬಿಚ್ಚಬಹುದು. ಬಿಚ್ಚುವ ಮೂರು ದಿನ ಮೊದಲಿಂದ ಸಂಜೆ ಸಂಜೆ ಎಲ್ಲ ನಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಾ ಬನ್ನಿ. ಅವಸರ ಮಾಡಿದರೆ ಬೋಲ್ಟ್ ಮುರಿಯುತ್ತದೆ, ಮುರಿದದ್ದನ್ನು ಕೊರೆದು ತೆಗೆಯೋಕೆ ಅರ್ಧ ದಿನ ಹೋಗುತ್ತದೆ.

ಪ್ರತಿ ಭಾಗ ಬಿಚ್ಚುವ ಮೊದಲು ಫೋನಲ್ಲಿ ಫೋಟೋ. ಬಿಚ್ಚಿದ ಮೇಲೆ ಇನ್ನೊಂದು. ಬೋಲ್ಟುಗಳು ಒಂದೊಂದು ಭಾಗಕ್ಕೆ ಒಂದೊಂದು ಚೀಲದಲ್ಲಿ, ಚೀಲದೊಳಗೆ ಚೀಟಿ. ಚೀಟಿಯನ್ನು ಪೆನ್ಸಿಲಲ್ಲೇ ಬರೆಯಿರಿ, ಯಾಕಂದರೆ ಎಣ್ಣೆ ತಾಗಿದರೆ ಪೆನ್ನಿನ ಶಾಯಿ ಹರಡಿ ಓದೋಕೆ ಆಗುವುದಿಲ್ಲ. ಹಳೆ ಗ್ಯಾಸ್ಕೆಟ್, ಹರಿದ ರಬ್ಬರ್ ಬೀಡಿಂಗ್, ಮುರಿದ ಕ್ಲಿಪ್ ಯಾವುದನ್ನೂ ಎಸೆಯಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಚೆನ್ನೈನ ಪುದುಪೇಟೆಯಲ್ಲೋ ಅಂಗಡಿಯವರ ಮುಂದೆ ಹಳೇದನ್ನು ಇಟ್ಟರೆ ಅವರಿಗೆ ಬೇಗ ಅರ್ಥ ಆಗುತ್ತದೆ. ಬಾಯಲ್ಲಿ ವಿವರಿಸೋಕೆ ಹೋದರೆ ದಿನ ಪೂರ್ತಿ ಅಲೆಯಬೇಕು.

ಬ್ರೇಕ್ ಡ್ರಮ್ ಬಿಚ್ಚುವಾಗ ಒಳಗಿನ ಕಪ್ಪು ಪುಡಿಯನ್ನು ಬಾಯಲ್ಲಿ ಊದಬೇಡಿ, ಏರ್ ಕೂಡ ಹೊಡೆಯಬೇಡಿ. ಹಳೆ ಬ್ರೇಕ್ ಶೂ, ಕ್ಲಚ್ ಪ್ಲೇಟ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವಂಥದ್ದಲ್ಲ. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ತುಕ್ಕು ಮತ್ತು ತಗಡು

ನಿಜವಾದ ಕೆಲಸ ಇದೇ. ಟಾಪ್ ಇಲ್ಲದ ಗಾಡಿಯಲ್ಲಿ ಬಾಡಿ ಮಡಚಿಕೊಳ್ಳದೆ ಹಿಡಿದಿರುವುದು ಕೆಳಗಿನ ಚಾಸಿ ಮತ್ತು ಫ್ಲೋರ್. ಬಾಗಿಲ ಕೆಳಗೆ ಕೊಳೆತ ಫ್ಲೋರ್ ತಗಡನ್ನು ಸುಮ್ನೆ ಗ್ರೈಂಡರ್‌ನಿಂದ ಕತ್ತರಿಸಿ ತೆಗೆದರೆ ಬಾಗಿಲ ಜಾಗ ಕಣ್ಣಿಗೆ ಕಾಣದಷ್ಟು ಮುಚ್ಚಿಕೊಳ್ಳಬಹುದು. ಹೊಸ ತಗಡು ವೆಲ್ಡ್ ಆದ ಮೇಲೆ ಬಾಗಿಲು ಹಾಕೋಕೆ ಹೋದಾಗಲೇ ಗೊತ್ತಾಗುವುದು.

ನನಗೆ ವೆಲ್ಡಿಂಗ್ ಕಲಿಸಿದ ಅಣ್ಣ ಮೊದಲ ದಿನವೇ ಗ್ರೈಂಡರ್ ಕೈಯಿಂದ ಇಸ್ಕೊಂಡರು. "ಮೊದ್ಲು ಬಾಗ್ಲು ಅಳತೆ ತಗೊ. ಮೇಲೆ ಎಷ್ಟು, ಕೆಳಗೆ ಎಷ್ಟು, ಅಡ್ಡಡ್ಡ ಎಷ್ಟು, ಗೋಡೆ ಮೇಲೆ ಬರಿ. ಆಮೇಲೆ ಪೈಪ್ ಕೊಡು" ಅಂದರು. ಬಾಗಿಲ ಜಾಗಕ್ಕೆ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಒಂದು ಇಂಚಿನ ಚೌಕ ಪೈಪನ್ನು ಎರಡು ಸಾಲು ಟ್ಯಾಕ್ (ಸಣ್ಣ ಚುಕ್ಕಿ ವೆಲ್ಡ್) ಹಾಕಿ ನಿಲ್ಲಿಸಿದರು, ಅಡ್ಡ ಒಂದು. ಎರಡೂ ಕಡೆ ಹಾಗೆ ಮಾಡಿದ ಮೇಲೆ ಒಂದು ಬದಿ ಮಾತ್ರ ಕತ್ತರಿಸಿದೆವು. ಅದು ಪೂರ್ತಿ ಮುಗಿದ ಮೇಲೆ ಇನ್ನೊಂದು ಬದಿ. ಗೋಡೆ ಮೇಲಿನ ಆ ಅಂಕಿಗಳು ಈಗಲೂ ಶೆಡ್‌ನಲ್ಲಿವೆ, ಸುಣ್ಣ ಹೊಡೆಯುವಾಗ ಅಷ್ಟು ಜಾಗ ಬಿಡಿಸಿದ್ದೇನೆ.

ಬಾಡಿಯ ತೆಳು ತಗಡಿಗೆ ಮಿಗ್ ವೆಲ್ಡಿಂಗ್ ಒಳ್ಳೆಯದು. ಉದ್ದಕ್ಕೆ ಎಳೆಯಬೇಡಿ, ತಗಡು ಬಿಸಿಯಾಗಿ ಅಲೆ ಅಲೆ ಆಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ತಣಿಯೋಕೆ ಬಿಟ್ಟು ಮತ್ತೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ಎರಡನ್ನೂ ಗಾಡಿಯಿಂದ ಇಳಿಸಿ ಶೆಡ್‌ನಿಂದ ಹೊರಗೆ ಇಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಆವಿ ಇರುತ್ತದೆ. ಟ್ಯಾಂಕ್ ತೂತಾಗಿದ್ದರೆ ಮನೆಯಲ್ಲಿ ಮುಟ್ಟಬೇಡಿ, ರೇಡಿಯೇಟರ್ ಕೆಲಸ ಮಾಡುವವರಿಗೆ ಕೊಡಿ.

ಇನ್ನು ಪ್ರೈಮರ್. ಇದನ್ನು ದಯವಿಟ್ಟು ಗಮನ ಇಟ್ಟು ಓದಿ, ನನಗೆ ಒಂದು ವರ್ಷದ ಕೆಲಸ ಹಾಳಾದದ್ದು ಇಲ್ಲೇ. ಮೊದಲ ವರ್ಷ ಮೇ ಕೊನೆಗೆ ಬಾಡಿಯೆಲ್ಲ ಉಜ್ಜಿ ಬೂದು ಬಣ್ಣದ ಸರ್ಫೇಸರ್ (ಬಣ್ಣಕ್ಕೆ ಮುಂಚೆ ಮೇಲ್ಮೈ ನಯ ಮಾಡುವ ಪ್ರೈಮರ್) ಹೊಡೆಸಿ, ಮಳೆಗಾಲ ಕಳೆದ ಮೇಲೆ ಬಣ್ಣ ಅಂತ ಬಿಟ್ಟೆ. ನೋಡೋಕೆ ಮುಚ್ಚಿದ ಹಾಗೇ ಇತ್ತು. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಶೀಟ್ ತೆಗೆದು ಬಾಗಿಲ ಮೇಲೆ ಉಗುರಿನಿಂದ ಕೆರೆದರೆ ಪ್ರೈಮರ್ ಒಂದು ರೂಪಾಯಿಯಷ್ಟು ಅಗಲಕ್ಕೆ ಎದ್ದು ಬಂತು, ಕೆಳಗೆ ಕಿತ್ತಳೆ ಬಣ್ಣದ ಪುಡಿ. ಸರ್ಫೇಸರ್ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಗಾಳಿಯಲ್ಲೇ ನೀರಿರುವ ನಮ್ಮ ಜೂನ್, ಜುಲೈನಲ್ಲಿ ಅದಕ್ಕೆ ಮಳೆ ತಾಗಬೇಕಾಗಿಯೇ ಇಲ್ಲ. ಹಾಗಾಗಿ ಉಜ್ಜಿದ ದಿನವೇ, ಸಂಜೆಯ ಮಂಜು ಇಳಿಯುವ ಮೊದಲು, ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಅದು ನೀರು ಒಳಗೆ ಬಿಡುವುದಿಲ್ಲ. ಪುಟ್ಟಿ, ಸರ್ಫೇಸರ್, ಬಣ್ಣ ಎಲ್ಲ ಅದರ ಮೇಲೆ. ಒಂದು ದಿನಕ್ಕೆ ಎಷ್ಟು ತಗಡು ಮುಚ್ಚೋಕೆ ಆಗುತ್ತೋ ಅಷ್ಟನ್ನೇ ಉಜ್ಜಿ.

ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು

ಎಲ್ಲರಿಗೂ ಎಂಜಿನ್ ಸದ್ದು ಕೇಳುವ ಆಸೆ. ಅರ್ಥ ಆಗುತ್ತದೆ. ಆದರೂ ಬ್ರೇಕ್ ಮೊದಲು ಮುಗಿಸಿ. ಎಂಜಿನ್ ಒಂದು ಸಲ ಸ್ಟಾರ್ಟ್ ಆದರೆ ಮನೆಯವರೆಲ್ಲ ಹತ್ತಿ ಕೂರುತ್ತಾರೆ, ಗೇಟಿನವರೆಗೆ ಹೋಗಿ ಬರೋಣ ಅಂತಾರೆ, ಮತ್ತೆ ನಮ್ಮ ಮನೆ ಗೇಟುಗಳೆಲ್ಲ ಇಳಿಜಾರಲ್ಲೇ ಇರೋದು.

ಮಾಸ್ಟರ್ ಸಿಲಿಂಡರ್, ನಾಲ್ಕು ಚಕ್ರದ ಸಿಲಿಂಡರ್ ಬಿಚ್ಚಿ ಒಳಗೆ ಬೆರಳು ಆಡಿಸಿ. ಗುಳಿ ತಾಗಿದರೆ ಹೊಸ ರಬ್ಬರ್ ಹಾಕಿ ಪ್ರಯೋಜನವಿಲ್ಲ, ಲೇತ್‌ನಲ್ಲಿ ಕೊಟ್ಟು ಸ್ಟೇನ್‌ಲೆಸ್ ಸ್ಲೀವ್ ಹಾಕಿಸಬೇಕು. ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿರುತ್ತವೆ, ಎಲ್ಲ ಬದಲಿಸಿ. ಬ್ರೇಕ್ ಪೈಪುಗಳ ಒಳಗಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಬದಿಯ ಮುಂದಿನದು. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತದೆ, ಪಕ್ಕದಲ್ಲಿ ನೀರಿನ ಬಕೆಟ್ ಇರಲಿ.

ಇದಕ್ಕಿಂತಲೂ ಮುಖ್ಯವಾದ ಒಂದು ಸಣ್ಣ ಸಾಮಾನಿದೆ, ಟ್ರನಿಯನ್. ಮುಂದಿನ ಚಕ್ರ ಹೊತ್ತಿರುವ ಕಬ್ಬಿಣದ ಕಂಬದ ಕೆಳತುದಿಯಲ್ಲಿ ಮರೆ (ಬೋಲ್ಟಿನ ಮೇಲಿರುವಂಥ ತಿರುಪು ಗೆರೆ, ಥ್ರೆಡ್) ಇದೆ, ಅದು ಕಂಚಿನ ಒಂದು ಗಟ್ಟಿಯೊಳಗೆ ತಿರುಪಿನ ಹಾಗೆ ಕೂರುತ್ತದೆ. ನೀವು ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಮರೆ ಅದರೊಳಗೆ ತಿರುಗುತ್ತದೆ. ಇದಕ್ಕೆ ಬೇಕಾದ್ದು ಇಪಿ 90 ಗೇರ್ ಆಯಿಲ್. ಗ್ರೀಸ್ ಅಲ್ಲ. ನಮ್ಮ ಕಡೆ ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹಚ್ಚುವ ಅಭ್ಯಾಸ, ಅಲ್ವಾ? ಗ್ರೀಸ್ ಒಳಗೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ಮಳೆ ನೀರು ಕೂತು ಕಂಬದ ಮರೆ ತುಕ್ಕು ಹಿಡಿಯುತ್ತದೆ. ಒಂದು ದಿನ ತಿರುವಿನಲ್ಲೋ ಗುಂಡಿಯಲ್ಲೋ ಕಂಬ ಮುರಿದು ಚಕ್ರ ಮಡ್‌ಗಾರ್ಡ್ ಕೆಳಗೆ ಮಡಚಿಕೊಳ್ಳುತ್ತದೆ. ಹಾಗಾಗಿ ಎರಡೂ ಬದಿ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಮರೆಯಲ್ಲಿ ತುಕ್ಕಿನ ಗುಳಿ ಇದೆಯಾ ನೋಡಿ. ಇದ್ದರೆ ಬದಲಿಸಿ, ಬೇರೆ ಮಾತಿಲ್ಲ. ಎಡದ ಮರೆ ಮತ್ತು ಬಲದ ಮರೆ ಒಂದಕ್ಕೊಂದು ಉಲ್ಟಾ, ಅದಲು ಬದಲು ಮಾಡಬೇಡಿ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಎಣ್ಣೆ ತೊಟ್ಟಿಕ್ಕುವವರೆಗೆ ತುಂಬಿಸಿ.

ಎಂಜಿನ್

ಜಾಮ್ ಆದ ಎಂಜಿನ್‌ಗೆ ಗಾಡಿ ತಳ್ಳಿ ಗೇರ್ ಹಾಕಬೇಡಿ, ಟ್ರ್ಯಾಕ್ಟರ್ ಕಟ್ಟಿ ಎಳೆಯಲೂ ಬೇಡಿ. ನಾಲ್ಕೂ ಪ್ಲಗ್ ತೆಗೆದು ಒಂದೊಂದು ತೂತಿಗೂ ಎರಡು ಮೂರು ಚಮಚ ಆಟೋಮ್ಯಾಟಿಕ್ ಗೇರಿನ ಆಯಿಲ್ ಹಾಕಿ ಒಂದು ವಾರ ಬಿಡಿ. ಆಮೇಲೆ ಮುಂದಿನ ಪುಲ್ಲಿ ನಟ್ಟಿಗೆ ಪಾನಾ ಹಾಕಿ ಹಿಂದೆ ಮುಂದೆ ನಿಧಾನ ಅಲುಗಿಸಿ. ನನ್ನದು ಒಂಬತ್ತನೇ ದಿನ ಬಿಟ್ಟಿತು. ಸಡಿಲವಾದ ಮೇಲೆ ಆಯಿಲ್ ಬದಲಿಸಿ, ಪ್ಲಗ್ ಇಲ್ಲದೆ ಸೆಲ್ಫ್ ತಿರುಗಿಸಿ ಆಯಿಲ್ ಪ್ರೆಶರ್ ಬರಿಸಿ, ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್ (ಒಳಗೆ ಏಳುವ ಒತ್ತಡ) ಅಳೆಯಿರಿ. ನಾಲ್ಕೂ ಚೆನ್ನಾಗಿದ್ದು ಹತ್ತಿರ ಹತ್ತಿರ ಇದ್ದರೆ ಎಂಜಿನ್ ಬಿಚ್ಚುವ ಅಗತ್ಯ ಬರಲಿಕ್ಕಿಲ್ಲ.

ಸೆಟ್ಟಿಂಗ್ ಸುಲಭ. ವಾಲ್ವ್ ಗ್ಯಾಪ್ ತಣ್ಣಗಿರುವಾಗ 10 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು), ಅಂದರೆ 0.25 ಮಿಲಿಮೀಟರ್. ಪಾಯಿಂಟ್ (ಪ್ಲಗ್‌ಗೆ ಕಿಡಿ ಬರಿಸುವ ಸಣ್ಣ ಸ್ವಿಚ್) 15 ಥೌ, ಪ್ಲಗ್ 25 ಥೌ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಗೇರ್‌ಬಾಕ್ಸ್ ಇಳಿಸಬೇಕಾದರೆ ಗಾಡಿ ಕೆಳಗೆ ಹೋಗುವುದು ಬೇಡ, ಒಳಗಿನ ಟನಲ್ ಕವರ್ ತೆಗೆದರೆ ಸೀಟಿನ ಕಡೆಯಿಂದಲೇ ಹೊರಗೆ ಬರುತ್ತದೆ. ಇಬ್ಬರು ಬೇಕು.

ಪೆಟ್ರೋಲ್ ಪೈಪುಗಳನ್ನು ಪೂರ್ತಿ ಬದಲಿಸಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡಾದವರೆಗೆ ಎಥನಾಲ್ ಇರುತ್ತದೆ. ಹಳೆ ರಬ್ಬರ್ ಅದಕ್ಕೆ ಮೆತ್ತಗಾಗಿ ಬಿರಿಯುತ್ತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುತ್ತದೆ. ಎಥನಾಲ್ ತಡೆಯುವ ಹೋಸ್ ಅಂತ ಕೇಳಿ ತಗೊಳ್ಳಿ, ಪಂಪಿನ ಡಯಾಫ್ರಂ ಕೂಡ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಹಳೆ ಪೆಟ್ರೋಲ್ ಟ್ಯಾಂಕ್‌ನಲ್ಲಿ ಬಿಡಬೇಡಿ.

ಏನು ಬದಲಿಸಬಹುದು

ಶಕ್ತಿ ಜಾಸ್ತಿ ಮಾಡುವ ಆಸೆ ಬಿಡಿ ಅಂತ ನಾನು ಹೇಳ್ತೇನೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ 35 ಎಚ್‌ಪಿ ಕಡಿಮೆ ಅನಿಸುತ್ತದೆ ನಿಜ. ಆದರೆ ಆ ಘಾಟಿಯಲ್ಲಿ ಗಾಡಿಗೆ ಬೇಕಾದ್ದು ಬೇರೆ: ತಣ್ಣಗಿರುವ ಎಂಜಿನ್, ಬೆಳಕು, ಬ್ರೇಕ್. ರೇಡಿಯೇಟರ್ ಬಿಚ್ಚಿ ಒಳಗಿನ ಕೊಳವೆಗಳನ್ನು ಸರಳು ಹಾಕಿ ಕ್ಲೀನ್ ಮಾಡಿಸಿ, ಒಂದು ಎಲೆಕ್ಟ್ರಿಕ್ ಫ್ಯಾನ್ ಸೇರಿಸಿ. ಪಾಯಿಂಟ್ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಮಂಜಿನ ಬೆಳಗ್ಗೆಯೂ ಎರಡನೇ ತಿರುವಿಗೆ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಹಳೆ ಡೈನಮೋ ತೆಗೆದು ಆ ಜಾಗಕ್ಕೆ ಆಲ್ಟರ್ನೇಟರ್ ಹಾಕುವ ಮುಂಚೆ ಬ್ಯಾಟರಿಯ ಯಾವ ತುದಿ ಬಾಡಿಗೆ ಅರ್ತ್ ಆಗಿದೆ ನೋಡಿ. ಆ ಕಾಲದ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುವುದುಂಟು. ನೋಡದೆ ಹಾಕಿದರೆ ಆಲ್ಟರ್ನೇಟರ್ ಅಲ್ಲೇ ಸುಟ್ಟಿತು. ಹೆಡ್‌ಲೈಟಿಗೆ ರಿಲೇ (ಬ್ಯಾಟರಿಯಿಂದ ನೇರ ಕರೆಂಟು ಬಿಡುವ ಸ್ವಿಚ್) ಮತ್ತು ಪ್ರತ್ಯೇಕ ಫ್ಯೂಸ್ ಹಾಕಿ. ಹಳೆ ಸ್ವಿಚ್ ಮೂಲಕ ಹೋಗುವ ಕರೆಂಟಿನ ಬಲ ದಾರಿಯಲ್ಲೇ ಕುಗ್ಗುತ್ತದೆ. ರಿಲೇ ಹಾಕಿದ ರಾತ್ರಿ ಅದೇ ಬಲ್ಬು ಎಷ್ಟು ಬೆಳ್ಳಗೆ ಉರಿಯಿತು ಅಂದರೆ ನಾನು ಇಳಿದು ಮುಂದೆ ಹೋಗಿ ನೋಡಿದೆ.

ಟೈರ್ ಹುಡುಕುವುದು ಕಷ್ಟ ಅಲ್ಲ. ಮೂಲ ಅಳತೆ 5.20-13. ಹಳೆ ವ್ಯಾಗನಾರ್‌ಗೆ ಬರುತ್ತಿದ್ದ 145/80 ಆರ್13 ರೇಡಿಯಲ್ ಹೆಚ್ಚುಕಮ್ಮಿ ಅದೇ ಅಳತೆಗೆ ಬರುತ್ತದೆ.

ಹಿಂದಿನ ಸಸ್ಪೆನ್ಷನ್ ಬಗ್ಗೆ ಮಾತ್ರ ತಿಳಿದೇ ಓಡಿಸಿ. ಹೆರಾಲ್ಡ್‌ನ ಹಿಂದಿನ ಆಕ್ಸಲ್ ಎರಡು ಬದಿಯೂ ರೆಕ್ಕೆಯ ಹಾಗೆ ಬೇರೆ ಬೇರೆ ಆಡುತ್ತದೆ, ಮೇಲೆ ಒಂದೇ ಅಡ್ಡ ಪ್ಲೇಟ್ ಸ್ಪ್ರಿಂಗ್. ತಿರುವಿನಲ್ಲಿ ವೇಗವಾಗಿ ಹೋಗಿ ಗಾಬರಿಯಲ್ಲಿ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಹಿಂಭಾಗ ಮೇಲೆದ್ದು ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಹಿಂಬದಿ ಜಾರುತ್ತದೆ. ತಿರುವಿಗೆ ಮೊದಲೇ ನಿಧಾನ ಮಾಡಿ, ತಿರುವಿನಲ್ಲಿ ಆಕ್ಸಲರೇಟರ್ ಹಗುರವಾಗಿ ಹಿಡಿದಿರಿ. ಹೊಸ ಶಾಕ್ ಅಬ್ಸಾರ್ಬರ್, ಹೊಸ ಬುಷ್ ಹಾಕಿ. ಸ್ಪ್ರಿಂಗ್ ಪ್ಲೇಟ್ ಸೇರಿಸಿ ಹಿಂಬದಿ ಎತ್ತರಿಸುವ ಸಲಹೆ ಯಾರಾದರೂ ಕೊಟ್ಟರೆ ಬೇಡ ಅನ್ನಿ, ಅದು ಈ ಗುಣವನ್ನು ಇನ್ನೂ ಕೆಡಿಸುತ್ತದೆ.

ಸೀಟ್ ಬೆಲ್ಟ್ ಹಾಕಿಸಿ. ಇದಕ್ಕೆ ನಾನು ತೂತು ಕೊರೆದೆ. ಬೋಲ್ಟ್ ಬರಿ ಫ್ಲೋರ್ ತಗಡಿಗೆ ಬಿಗಿದರೆ ಅಪಘಾತದಲ್ಲಿ ಹರಿದು ಬರುತ್ತದೆ. ಕೆಳಗಿನಿಂದ ಅಂಗೈ ಅಗಲದ ದಪ್ಪ ಪ್ಲೇಟ್ ಇಟ್ಟು ಬಿಗಿಯಿರಿ.

ಬಣ್ಣ, ಮಳೆಗಾಲ, ಮೊದಲ ಓಟ

ಬಣ್ಣಕ್ಕೆ ಫೆಬ್ರವರಿ ಒಳ್ಳೆಯದು. ಮಾರ್ಚ್‌ನಲ್ಲಿ ಹೂಮಳೆ ಯಾವತ್ತು ಬರುತ್ತೆ ಹೇಳೋಕೆ ಆಗುವುದಿಲ್ಲ. ಕಾಫಿಗೆ ಅದು ಬೇಕು, ಹಸಿ ಬಣ್ಣಕ್ಕೆ ಬೇಡ. ಗಾಳಿಯಲ್ಲಿ ತೇವ ಇದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದ ಮೇಲೆ ಬಿಳಿ ಹೊಗೆ ಕೂತ ಹಾಗೆ ಆಗುತ್ತದೆ. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ಒಳಗೆ ಹೊಡೆದು ಮುಗಿಸಿ. ಹಾರ್ಡ್‌ನರ್ ಬೆರೆಸುವ 2ಕೆ ಬಣ್ಣ ಆದರೆ ಮನೆಯಲ್ಲಿ ಬೇಡ. ಅದರ ಆವಿಗೆ ಮಾಮೂಲಿ ಮಾಸ್ಕ್ ಸಾಲದು, ಬೂತ್ ಇರುವ ಪೇಂಟ್ ಶಾಪ್‌ಗೆ ಕೊಡಿ.

ಬಣ್ಣ ಒಣಗಿದ ಮೇಲೆ ಸಿಲ್, ಬಾಗಿಲು, ಚಾಸಿ ರೈಲಿನ ಒಳಗೆ ಮೇಣದ ತುಕ್ಕು ತಡೆ ಹೊಡೆಯಿರಿ. ಕೆಳಗಿನ ನೀರು ಹೋಗುವ ತೂತುಗಳು ಮುಚ್ಚಿರಬಾರದು, ಒಂದು ತಂತಿ ಹಾಕಿ ನೋಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಟಾರ್ಪಾಲ್ ಸುತ್ತಬೇಡಿ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆ ಹೊದಿಸಿ, ಬ್ಯಾಟರಿ ಬಿಚ್ಚಿ, ಶೆಡ್‌ನಲ್ಲಿ ಗಾಳಿ ಆಡಲಿ. ಇಲಿ ವೈರ್ ಕಡಿಯುತ್ತದೆ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

ಮೊದಲ ಓಟ ಘಾಟಿಯಲ್ಲಿ ಬೇಡ. ನಾನು ಕುಶಾಲನಗರದಿಂದ ಹೆಬ್ಬಾಲೆ ಕಡೆಯ ಸಮತಟ್ಟು ರಸ್ತೆಯಲ್ಲಿ ಬೆಳಗ್ಗೆ ಆರಕ್ಕೆ ಹೋದೆ, ಹಿಂದೆ ಜೀಪಿನಲ್ಲಿ ಭಾವ ಪಾನಾ, ನೀರು, ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಟುಕೊಂಡು ಬಂದರು. ಐದು ಕಿಲೋಮೀಟರ್ ಹೋಗಿ ನಿಲ್ಲಿಸಿ. ಕೆಳಗೆ ಬಗ್ಗಿ ಎಣ್ಣೆ ಹನಿಯುತ್ತಾ ನೋಡಿ, ಪೆಟ್ರೋಲ್ ವಾಸನೆ ಬರುತ್ತಾ ನೋಡಿ. ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಆ ಬ್ರೇಕ್ ಬಿಡುತ್ತಿಲ್ಲ, ಅಲ್ಲೇ ಸಡಿಲ ಮಾಡಿ. ನನ್ನದರಲ್ಲಿ ಹಿಂದಿನ ಎಡದ್ದು ಬಿಸಿ ಇತ್ತು. ಅಡ್ಜಸ್ಟರ್ ಒಂದು ಕ್ಲಿಕ್ ಹಿಂದಕ್ಕೆ ತಿರುಗಿಸಿ ಹೆಬ್ಬಾಲೆಯವರೆಗೆ ಹೋದೆವು, ಅಲ್ಲಿ ಕಾಫಿ ಕುಡಿಯುವಾಗ ಮತ್ತೆ ಕೈ ಒಡ್ಡಿ ನೋಡಿದೆ. ನಾಲ್ಕೂ ಒಂದೇ ಸಮ ಇದ್ದವು.